ಆಡುತ್ತಾ ಬಿದ್ದವಳು

ನಾನು ಬಿದ್ದದ್ದು ಥ್ರೋಬಾಲ್ ಆಡುವಾಗ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ನಮ್ಮ ಬೀದಿಯ ಬಹಳ ಜನ ನಾನು ಬಾವಿಯ ಮೆಟ್ಟಿಲಲ್ಲಿ ಜಾರಿ ಬಿದ್ದೆ ಎಂದೇ ನಂಬಿದ್ದರು. ಅವರನ್ನು ಒಬ್ಬೊಬ್ಬರನ್ನಾಗಿ ತಿದ್ದುವುದಕ್ಕೆ ನನಗೆ ಬೇಕಾದಷ್ಟು ಕಾಲ ಹಿಡಿಯಿತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನಾಗ ಶ್ರೀನಿವಾಸಪುರದ ಮಿಡ್ಲ್ ಸ್ಕೂಲಿನಲ್ಲಿ ಟೀಚರು. ಮೂವತ್ತು ದಾಟಿತ್ತು, ಇಬ್ಬರು ಮಕ್ಕಳಿದ್ದರು. ನಮ್ಮವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ನಮ್ಮ ಜೊತೆ ಅತ್ತೆ ಇದ್ದರು. ನನ್ನ ತವರು ಬೈರಕೂರಿನ ಹತ್ತಿರದ ಒಂದು ಹಳ್ಳಿ. ಹುಡುಗಿಯಾಗಿದ್ದಾಗ ಕೊಕ್ಕೋ ಆಡುತ್ತಿದ್ದೆ, ಮುಳಬಾಗಿಲಿನ ಹೈಸ್ಕೂಲಿನಲ್ಲಿ ಓಡುವುದರಲ್ಲಿ ನನ್ನನ್ನು ಹಿಡಿಯುವವರು ಇರಲಿಲ್ಲ. ಮದುವೆಯಾದ ಮೇಲೆ ಓಡಿದ್ದೆಂದರೆ ಬಸ್ಸಿನ ಹಿಂದೆ ಮಾತ್ರ.

ವರ್ಷಕ್ಕೊಮ್ಮೆ ಶಿಕ್ಷಕರ ಆಟೋಟ ನಡೆಯುತ್ತಿತ್ತು. ಗಂಡಸರಿಗೆ ವಾಲಿಬಾಲ್, ಕಬಡ್ಡಿ, ಗುಂಡು ಎಸೆತ. ಹೆಂಗಸರಿಗೆ ಬಾಯಲ್ಲಿ ಚಮಚ ಕಚ್ಚಿಕೊಂಡು ನಿಂಬೆಹಣ್ಣು ಹೊತ್ತು ನಡೆಯುವುದು, ಇಲ್ಲವೇ ಮ್ಯೂಸಿಕಲ್ ಚೇರ್. ಆ ವರ್ಷ ಹೈಸ್ಕೂಲಿಗೆ ಹೊಸದಾಗಿ ಬಂದಿದ್ದ ಡ್ರಿಲ್ ಮೇಷ್ಟ್ರು ಹೆಂಗಸರಿಗೂ ಥ್ರೋಬಾಲ್ ಇಡೋಣ ಎಂದರು. ಆಡುವವರು ಯಾರು ಎಂದು ಕೇಳಿದಾಗ ಮೊದಲು ಕೈ ಎತ್ತಿದವಳು ನಾನು. ನನ್ನ ಪಕ್ಕದಲ್ಲಿ ಕೂತಿದ್ದ ನಮ್ಮ ಸ್ಕೂಲಿನ ಚಿಕ್ಕ ವಯಸ್ಸಿನ ಟೀಚರೊಬ್ಬಳು ನನ್ನನ್ನು ನೋಡಿ ತಾನೂ ಎತ್ತಿದಳು.

ಹೈಸ್ಕೂಲ್ ಮೈದಾನದಲ್ಲಿ ಬಲೆ ಕಟ್ಟಿದ್ದರು. ಸೀರೆಯ ಸೆರಗನ್ನು ಸುತ್ತಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ನೆರಿಗೆಯನ್ನು ಒಂದು ಗೇಣು ಮೇಲೆತ್ತಿ ಪಿನ್ನು ಹಾಕಿಕೊಂಡು ಆಡಿದೆವು. ನಾವು ಗೆಲ್ಲುವ ಹಂತದಲ್ಲಿದ್ದೆವು. ಆಗ ಒಂದು ಬಾಲು ನನಗೂ ಆ ಚಿಕ್ಕ ಟೀಚರಿಗೂ ನಡುವೆ ಬಂತು. ಇಬ್ಬರೂ ಹೋದೆವು. ನನ್ನ ಎಡಗಾಲು ನೆಲದಲ್ಲಿ ಊರಿತ್ತು. ಅವಳು ಓಡಿಬಂದ ರಭಸಕ್ಕೆ ಹೊರಗಡೆಯಿಂದ ನನ್ನ ಮಂಡಿಯ ಮೇಲೆಯೇ ಬಿದ್ದಳು. ಮಂಡಿ ಒಳಗಡೆಗೆ ಬಾಗಿತು. ಹೊಸ ಬಟ್ಟೆಯನ್ನು ಎರಡೂ ಕೈಲಿ ಹಿಡಿದು ಹರಿದಾಗ ಬರುವಂಥ ಸದ್ದು ನನ್ನ ಕಾಲಿನೊಳಗಿಂದ ಬಂದದ್ದು ನನಗೆ ಕೇಳಿಸಿತು.

ಬಾಲು ಮಾತ್ರ ನನ್ನ ಕೈಯಲ್ಲೇ ಇತ್ತು. ಅದನ್ನು ಬಿಡಲಿಲ್ಲ.

ಆ ಹುಡುಗಿ ಅಳುತ್ತಾ ಮೊದಲು ಮಾಡಿದ ಕೆಲಸವೆಂದರೆ ನನ್ನ ಸೀರೆಯನ್ನು ಕೆಳಗೆಳೆದು ಕಾಲು ಮುಚ್ಚಿದ್ದು. ಗಂಡಸರು ಸುತ್ತ ನಿಂತಿದ್ದರು. ನಮ್ಮ ಹೆಡ್ ಮಾಸ್ಟರು ಬಗ್ಗಿ ನೋಡಿ, ನಿಂಬೆಹಣ್ಣಿನ ಆಟಕ್ಕೆ ನಿಂತಿದ್ದರೆ ಇದೆಲ್ಲ ಆಗುತ್ತಿರಲಿಲ್ಲ ಎಂದು ಪಕ್ಕದವರಿಗೆ ಹೇಳಿದರು. ನೋವಿಗೆ ಕಣ್ಣು ಕತ್ತಲೆ ಬರುತ್ತಿದ್ದರೂ ಆ ಮಾತು ಸ್ಪಷ್ಟವಾಗಿ ಕೇಳಿಸಿತು.

ಜಟಕಾ ಗಾಡಿಯಲ್ಲಿ ಮನೆಗೆ ತಂದರು. ಇಬ್ಬರು ಟೀಚರುಗಳು ನನ್ನನ್ನು ಇಳಿಸುವಷ್ಟರಲ್ಲಿ ಎದುರು ಮನೆಯವರು, ಅಕ್ಕಪಕ್ಕದವರು ಎಲ್ಲ ಸೇರಿದ್ದರು. ಅತ್ತೆ ಬಾಗಿಲಿಗೆ ಬಂದು ಒಮ್ಮೆ ನನ್ನ ಕಾಲು ನೋಡಿದರು, ಒಮ್ಮೆ ಸೊಂಟಕ್ಕೆ ಸುತ್ತಿದ್ದ ಸೆರಗು ನೋಡಿದರು. ಆಮೇಲೆ ಬೀದಿಗೆ ಕೇಳುವಂತೆ, ಸ್ಕೂಲಿನ ಬಾವಿ ಮೆಟ್ಟಿಲಲ್ಲಿ ಪಾಚಿ ಇದೆ, ಅಲ್ಲಿ ಜಾರಿದ್ದಾಳೆ ಎಂದರು. ಅಷ್ಟು ಬೇಗ ಅಷ್ಟು ಒಳ್ಳೆಯ ಸುಳ್ಳು ಅವರಿಗೆ ಹೇಗೆ ಹೊಳೆಯಿತೋ. ಆ ಹೊತ್ತಿನಲ್ಲಿ ನನಗೆ ಬಾಯಿ ತೆರೆದರೆ ಅಳು ಬರುತ್ತಿತ್ತು. 

ನಮ್ಮ ಮನೆಯಲ್ಲಿ ಆಟಕ್ಕೆ ಮರ್ಯಾದೆ ಇರಲಿಲ್ಲವೆಂದಲ್ಲ. ನನ್ನ ಮೈದುನ ಓದುವಾಗ ಕಬಡ್ಡಿಯಲ್ಲಿ ಭುಜದ ಹತ್ತಿರದ ಮೂಳೆ ಮುರಿದುಕೊಂಡಿದ್ದ. ಆ ಕತೆಯನ್ನು ಅತ್ತೆ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ನಾಲ್ಕು ಜನ ಮೇಲೆ ಬಿದ್ದಿದ್ದರೂ ಅವನು ಗೆರೆ ಮುಟ್ಟಿದನಂತೆ, ಕೈ ನೇತಾಡುತ್ತಿದ್ದರೂ ಒಂದು ತೊಟ್ಟು ಕಣ್ಣೀರು ಹಾಕಲಿಲ್ಲವಂತೆ. ಹೇಳುವಾಗ ಅವರ ಮುಖ ಅರಳುತ್ತಿತ್ತು. ಅದೇ ಬಾಯಿಂದ ನನ್ನ ಬಾವಿ ಮೆಟ್ಟಿಲಿನ ಕತೆ ಬಂದದ್ದು ನನ್ನನ್ನು ಮಂಡಿಗಿಂತ ಹೆಚ್ಚು ನೋಯಿಸಿತು.

ಮಾರನೆಯ ದಿನ ಬೆಳಿಗ್ಗೆ ಎದುರು ಮನೆಯಾಕೆ ಬನ್ನು, ಮೋಸಂಬಿ ತೆಗೆದುಕೊಂಡು ನೋಡಲು ಬಂದರು. ಹಾಳು ಬಾವಿ, ಪಂಚಾಯ್ತಿಯವರಿಗೆ ಹೇಳಿ ಮುಚ್ಚಿಸಬೇಕು ಎಂದರು.

"ಬಾವೀಲಲ್ಲ ಅಕ್ಕಾ," ಎಂದೆ. "ಥ್ರೋಬಾಲ್ ಆಡ್ತಾ ಬಿದ್ದೆ."

ಒಳಗೆ ಅತ್ತೆ ಲೋಟವೊಂದನ್ನು ಜೋರಾಗಿ ಕೆಳಗಿಟ್ಟ ಸದ್ದಾಯಿತು. ಸಿಟ್ಟು ಬಂದರೆ ಅತ್ತೆ ಕನ್ನಡ ಬಿಟ್ಟು ತೆಲುಗಿಗೆ ಹೋಗುತ್ತಿದ್ದರು. ಎದುರು ಮನೆಯಾಕೆ ಹೋದ ಮೇಲೆ ಅಡಿಗೆಮನೆಯಿಂದಲೇ "ಪರುವು ತೀಸೇಸಿಂದಿ" ಎಂದರು. ಮಾನ ತೆಗೆದುಬಿಟ್ಟಳು ಎಂದು. ಆಡಿದ್ದು ತಪ್ಪು ಎನ್ನುವುದಕ್ಕಿಂತ ಅದನ್ನು ಒಪ್ಪಿಕೊಂಡದ್ದು ಅವರಿಗೆ ದೊಡ್ಡ ತಪ್ಪಾಗಿತ್ತು. ನಾಲ್ಕೈದು ದಿನ ನನ್ನ ಜೊತೆ ಮಾತಾಡಲಿಲ್ಲ. ಊಟದ ತಟ್ಟೆ ತಂದು ಮಂಚದ ಪಕ್ಕ ಇಟ್ಟು ಗೋಡೆ ನೋಡುತ್ತಾ ಹೋಗುತ್ತಿದ್ದರು. ಬಂದವರಿಗೆಲ್ಲ ಅವರು ಬಾವಿ ಎನ್ನುವುದು, ನಾನು ಆಟ ಎನ್ನುವುದು. ಬಂದವರು ಯಾರ ಮುಖ ನೋಡಬೇಕೆಂದು ತಿಳಿಯದೆ ಕಾಫಿ ಕುಡಿದು ಏಳುತ್ತಿದ್ದರು.

ಗಡಿಯಾಚೆ ಆಂಧ್ರದ ಪುತ್ತೂರಿಗೆ ಹೋಗಿ ಮೂಳೆ ಕಟ್ಟು ಹಾಕಿಸಿಕೊಂಡು ಬನ್ನಿ ಎಂದು ಕೆಲವರು ಹೇಳಿದರು. ಮುರಿದಿದ್ದರೆ ಹಾಗೆಯೇ ಮಾಡುತ್ತಿದ್ದೆವೇನೋ. ಆದರೆ ಮಂಡಿ ಊದಿ ಬಣ್ಣ ಬದಲಾಗಿತ್ತು, ಒಳಗೆ ಏನೋ ಸಡಿಲವಾದ ಹಾಗಿತ್ತು. ನಮ್ಮವರು ಕೋಲಾರದಲ್ಲಿದ್ದ ಒಬ್ಬ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಬಸ್ಸಿನಲ್ಲಿ ಹಿಂದಿನ ಉದ್ದ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದೆ. ಪ್ರತಿ ಗುಂಡಿಗೂ ಹಲ್ಲು ಕಚ್ಚುತ್ತಿದ್ದೆ.

ಡಾಕ್ಟರು ಕಾಲನ್ನು ಆ ಕಡೆ ಈ ಕಡೆ ಒತ್ತಿ ನೋಡಿ, ಮೂಳೆಗೇನೂ ಆಗಿಲ್ಲ, ಮಂಡಿಯ ಒಳಮಗ್ಗುಲಲ್ಲಿ ಎರಡು ಮೂಳೆಗಳನ್ನು ಹಿಡಿದಿಡುವ ಪಟ್ಟಿ ಹರಿದಿದೆ ಎಂದರು. ತೊಡೆಯಿಂದ ಹಿಮ್ಮಡಿಯ ಮೇಲಿನವರೆಗೆ ಪ್ಲಾಸ್ಟರ್ ಹಾಕಬೇಕು, ಒಂದೂವರೆ ತಿಂಗಳು. ಇದನ್ನೆಲ್ಲ ಅವರು ನಮ್ಮವರ ಮುಖ ನೋಡಿಕೊಂಡೇ ಹೇಳುತ್ತಿದ್ದರು. ಮನೆಗೆಲಸಕ್ಕೆ ಮುಂದೆ ತೊಂದರೆಯಾಗುವುದಿಲ್ಲ, ನಿಧಾನವಾಗಿ ನಡೆದಾಡುತ್ತಾರೆ, ಆಟಗೀಟ ಮಾತ್ರ ಇನ್ನು ಬೇಡ ಎಂದರು. ನಮ್ಮವರು ತಲೆಯಾಡಿಸಿದರು.

"ಡಾಕ್ಟ್ರೇ," ಎಂದೆ, "ಕಬಡ್ಡಿ ಆಡೋ ಹುಡುಗ ಇದೇ ಮಂಡಿ ತಗೊಂಡು ಬಂದಿದ್ರೆ ಏನು ಹೇಳ್ತಿದ್ರಿ?"

ಅವರು ಮೊದಲ ಸಲ ನನ್ನ ಕಡೆ ತಿರುಗಿದರು. "ವ್ಯಾಯಾಮ ಹೇಳಿಕೊಡ್ತಿದ್ದೆ," ಎಂದರು.

"ನನಗೂ ಹೇಳ್ಕೊಡಿ."

ಅವರಿಗೆ ಸಿಟ್ಟು ಬರಲಿಲ್ಲ. ಎದ್ದು ಬಂದು ನನ್ನ ತೊಡೆಯ ಮೇಲೆ ಪೆನ್ಸಿಲು ಇಟ್ಟು ತೋರಿಸಿದರು. ಪ್ಲಾಸ್ಟರಿನೊಳಗೆ ಇರುವಾಗಲೇ ಈ ಸ್ನಾಯುವನ್ನು ಬಿಗಿ ಮಾಡಿ ಬಿಡಬೇಕು, ಮಂಡಿಚಿಪ್ಪನ್ನು ಮೇಲಕ್ಕೆ ಎಳೆದ ಹಾಗೆ. ಹೊರಗಿಂದ ಯಾರಿಗೂ ಕಾಣುವುದಿಲ್ಲ, ಆದರೆ ಬಿಡದೆ ಮಾಡಬೇಕು. ಪ್ಲಾಸ್ಟರ್ ತೆಗೆದ ಮೇಲೆ ಮುಂದಿನದನ್ನು ಹೇಳುತ್ತೇನೆ, ಮಾಡುವುದು ನಿಮ್ಮ ಕೈಲಿದೆ ಎಂದರು. ಆಮೇಲೆ ಅವರು ಯಾವ ವಿಷಯವನ್ನೂ ನಮ್ಮವರ ಮುಖ ನೋಡಿ ಹೇಳಲಿಲ್ಲ.

ಆ ಒಂದೂವರೆ ತಿಂಗಳು ಹೇಗೆ ಕಳೆಯಿತೆಂದರೆ, ತುರಿಕೆಯಲ್ಲಿ ಕಳೆಯಿತು. ಬಿದಿರಿನ ಸಣ್ಣ ಕಡ್ಡಿಯೊಂದನ್ನು ನುಣುಪಾಗಿ ಹೆರೆದು ಪ್ಲಾಸ್ಟರಿನ ಒಳಗೆ ಬಿಟ್ಟು ಕೆರೆದುಕೊಳ್ಳುತ್ತಿದ್ದೆ. ಅವರೆಕಾಯಿ ಬಿಡಿಸುತ್ತಾ, ಮಕ್ಕಳ ಕಾಪಿ ತಿದ್ದುತ್ತಾ, ಬಂದವರ ಜೊತೆ ಮಾತಾಡುತ್ತಾ ತೊಡೆ ಬಿಗಿ ಮಾಡುತ್ತಿದ್ದೆ, ಬಿಡುತ್ತಿದ್ದೆ. ಎದುರಿಗೆ ಕೂತವರಿಗೆ ಗೊತ್ತಾಗುತ್ತಿರಲಿಲ್ಲ. ಅಯ್ಯೋ ಪಾಪ ಎನ್ನುವವರ ಎದುರಿಗೇ ನಾನು ಅದನ್ನು ಮಾಡುತ್ತಿದ್ದದ್ದು ನನಗೆ ಒಂಥರಾ ಖುಷಿ ಕೊಡುತ್ತಿತ್ತು.

ಆದರೆ ಪ್ಲಾಸ್ಟರ್ ತೆಗೆದ ದಿನ ಆ ಖುಷಿಯೆಲ್ಲ ಇಳಿದುಹೋಯಿತು. ಒಳಗಿಂದ ಬಂದದ್ದು ನನ್ನ ಕಾಲಲ್ಲ. ತೊಡೆ ಸೊರಗಿ, ಚರ್ಮ ಸುಲಿದು, ಸಿಪ್ಪೆ ತೆಗೆದ ಕೋಲಿನ ಹಾಗೆ ಬೆಳ್ಳಗಿತ್ತು. ಮಡಿಸಲು ನೋಡಿದರೆ ಮಂಡಿ ಬಾಗಲೇ ಒಲ್ಲದು. ನಾನು ಅಷ್ಟೆಲ್ಲ ಬಿಗಿ ಮಾಡಿದ್ದು ಏನಾಯಿತು ಎಂದು ಕೇಳಿದೆ. ಮಾಡದೇ ಇದ್ದಿದ್ದರೆ ಇದರ ಅರ್ಧವೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಬಸ್ಸಿನಲ್ಲಿ ಬರುವಾಗ ಕಿಟಕಿಗೆ ಮುಖ ಮಾಡಿ ಅತ್ತುಬಿಟ್ಟೆ. ನಮ್ಮವರು ನೋಡಿಯೂ ನೋಡದವರ ಹಾಗೆ ಕೂತು, ಶ್ರೀನಿವಾಸಪುರ ಬಂದಾಗ ಕೈ ಹಿಡಿದು ಇಳಿಸಿದರು.

ಮುಂದಿನ ವ್ಯಾಯಾಮ ಸುಲಭದ್ದು. ಎತ್ತರದ ಜಾಗದಲ್ಲಿ ಕಾಲು ನೆಲಕ್ಕೆ ತಾಗದ ಹಾಗೆ ಕೂತು, ಹಿಮ್ಮಡಿಯ ಹತ್ತಿರ ತೂಕ ಕಟ್ಟಿಕೊಂಡು, ಮಂಡಿಯನ್ನು ನೆಟ್ಟಗೆ ಮಾಡಿ ಎತ್ತಬೇಕು, ಇಳಿಸಬೇಕು. ಹಳೆಯ ಬಟ್ಟೆಯಲ್ಲಿ ಸಣ್ಣ ಚೀಲ ಹೊಲಿದು ಮರಳು ತುಂಬಿಕೊಂಡೆ. ತೊಂದರೆ ಬಂದದ್ದು ಕೂರುವ ಜಾಗಕ್ಕೆ. ನಮ್ಮ ಮನೆಯ ಮಂಚ ಗಿಡ್ಡ, ಕುರ್ಚಿಗಳೂ ಗಿಡ್ಡ. ಕಾಲು ಇಳಿಬಿಟ್ಟು ಕೂರುವಷ್ಟು ಎತ್ತರ ಇದ್ದದ್ದು ಬೀದಿ ಕಡೆಯ ಜಗಲಿ ಒಂದೇ.

ಹೀಗೆ ನಾನು ಬೆಳಿಗ್ಗೆ ಸ್ಕೂಲಿಗೆ ಹೊರಡುವ ಮುಂಚೆ, ಸಾಯಂಕಾಲ ಬಂದ ಮೇಲೆ ಜಗಲಿಯ ಮೇಲೆ ಕೂತು ಕಾಲು ಎತ್ತಿ ಇಳಿಸತೊಡಗಿದೆ. ನಲ್ಲಿಗೆ ಕೊಡ ಹಿಡಿದು ಹೋಗುವವರು, ಸಂತೆಗೆ ಹೋಗುವ ವ್ಯಾಪಾರಿಗಳು, ನನ್ನ ಕ್ಲಾಸಿನ ಮಕ್ಕಳ ತಂದೆತಾಯಂದಿರು, ಎಲ್ಲರೂ ನೋಡುತ್ತಾ ಹೋಗುತ್ತಿದ್ದರು. ಸೈಕಲ್ ತುಳಿಯುವುದು ಕಲಿಯುತ್ತಿದ್ದೀರಾ ಮೇಡಂ ಎಂದು ಒಬ್ಬರು ಕೇಳಿದರು. ಹೌದು, ನೀವು ಹಿಂದೆ ಹಿಡಿದುಕೊಳ್ಳಿ ಎಂದೆ. ಮತ್ತೆ ಅವರು ಆ ಬೀದಿಯಲ್ಲಿ ಹೋಗುವಾಗ ನೆಟ್ಟಗೆ ನೋಡಿಕೊಂಡು ಹೋಗುತ್ತಿದ್ದರು.

ಅತ್ತೆಗೆ ಇದು ತಡೆಯಲಾಗಲಿಲ್ಲ. ಒಂದು ದಿನ ನಾನು ಬರುವಷ್ಟರಲ್ಲಿ ಜಗಲಿಯ ಎರಡು ಕಂಬಗಳಿಗೆ ಹಗ್ಗ ಬಿಗಿದು ಹಳೆಯ ಸೀರೆಯೊಂದನ್ನು ಪರದೆ ಹಾಗೆ ಇಳಿಬಿಟ್ಟಿದ್ದರು. ನಾನು ಅದನ್ನು ತೆಗೆದು, ನಾಲ್ಕು ಮಡಿಕೆ ಮಾಡಿ, ಒಳಗಿನ ಪೆಟ್ಟಿಗೆಯ ಮೇಲೆ ಇಟ್ಟೆ. ಮಾರನೆಯ ದಿನ ಮತ್ತೆ ಪರದೆ. ಮತ್ತೆ ತೆಗೆದು ಮಡಿಸಿದೆ. ಇಬ್ಬರೂ ಈ ವಿಷಯ ಒಂದು ಮಾತೂ ಆಡಲಿಲ್ಲ. ಅವರು ಕಟ್ಟುವುದು, ನಾನು ಬಿಚ್ಚುವುದು. ಕೊನೆಗೆ ಒಂದು ದಿನ ಅವರೇ ಕೇಳಿದರು.

"ಒಳಗೆ ಮಾಡಿದ್ರೆ ಏನಾಗ್ತದೆ ನಿಂಗೆ?"

"ಕದ್ದು ಮಾಡೋಂಥ ಕೆಲಸ ಅಲ್ಲ ಅತ್ತೆ ಇದು."

"ಹೆಣ್ಣು ಹೆಂಗಸು ಬೀದೀಲಿ ಕಾಲು ಎತ್ತೋದು ಚೆಂದಾನಾ?"

ಸೀರೆ ಕಣಕಾಲು ದಾಟಿ ಮೇಲೆ ಹೋಗುತ್ತಿರಲಿಲ್ಲ, ಅವರಿಗೂ ಅದು ಗೊತ್ತಿತ್ತು. ಗದ್ದೆಯಲ್ಲಿ ಪೈರು ನೆಡುವಾಗ ನೀವು ಮಂಡಿಯವರೆಗೆ ಸೀರೆ ಎತ್ತಿ ಕಟ್ಟುತ್ತಿರಲಿಲ್ಲವಾ ಎಂದು ಕೇಳಿದೆ. ಅದು ಕೆಲಸ ಎಂದರು. ಇದೂ ಕೆಲಸವೇ ಎಂದೆ. ಅತ್ತೆ ಹಗ್ಗವನ್ನು ಕಂಬದಿಂದ ಬಿಚ್ಚಲಿಲ್ಲ, ಆದರೆ ಅದಕ್ಕೆ ಮತ್ತೆ ಸೀರೆ ಹಾಕಲಿಲ್ಲ. ಸ್ವಲ್ಪ ದಿನದ ಮೇಲೆ ಅದರಲ್ಲಿ ಬಟ್ಟೆ ಒಣಗಹಾಕತೊಡಗಿದರು.

ಗೆದ್ದೆ ಎಂಬ ಹುಮ್ಮಸ್ಸಿನಲ್ಲಿ ನಾನು ಒಂದು ಹುಚ್ಚು ಕೆಲಸ ಮಾಡಿದೆ. ಸ್ಕೂಲಿಗೆ ಆಗ ನಮ್ಮವರು ಸೈಕಲ್ ಮೇಲೆ ಬಿಡುತ್ತಿದ್ದರು. ಕ್ಯಾರಿಯರಿನಲ್ಲಿ ಕೂತರೆ ನನ್ನ ಎಡಗಾಲು ಸರಿಯಾಗಿ ಬಾಗದೆ ಕೋಲಿನ ಹಾಗೆ ಹೊರಗೆ ಚಾಚಿಕೊಳ್ಳುತ್ತಿತ್ತು, ಅದಕ್ಕೆ ಅವರು ರಸ್ತೆಯ ನಟ್ಟನಡುವೆ ತುಳಿಯಬೇಕಾಗಿತ್ತು. ಬಸ್ಸಿನವರೂ ಬಯ್ಯುತ್ತಿದ್ದರು. ಒಂದು ಸಾಯಂಕಾಲ ನಲ್ಲಿಯ ಹತ್ತಿರ ಹೆಂಗಸರು ನನಗೆ ಕೇಳುವಂತೆಯೇ, ಇನ್ನು ಇವರ ಮನೆಯ ನೀರು ಕೂಡ ಮುದುಕಿಯೇ ಹೊರಬೇಕು ಎಂದರು. ನಾನು ಒಳಗೆ ಹೋಗಿ ಕೊಡ ತಂದೆ. ಸೊಂಟದ ಮೇಲೊಂದು, ಕೈಯಲ್ಲೊಂದು ತುಂಬಿದ ಕೊಡ ಹಿಡಿದು ಎಲ್ಲರ ಎದುರಿಗೆ ಮನೆಯ ಮೆಟ್ಟಿಲು ಹತ್ತಿದೆ. ಕೊಡಗಳನ್ನು ಇಳಿಸಿ ಬಚ್ಚಲಲ್ಲಿ ಕೂತವಳಿಗೆ ಏಳಲಾಗಲಿಲ್ಲ. ಬೆಳಗಾಗುವಷ್ಟರಲ್ಲಿ ಮಂಡಿ ಕುಂಬಳಕಾಯಿಯಷ್ಟು ಊದಿತ್ತು.

ಮತ್ತೆ ಕೋಲಾರಕ್ಕೆ ಹೋದೆವು. ಡಾಕ್ಟರು ನೀರಿನ ಕತೆಯನ್ನು ಪೂರ್ತಿ ಕೇಳಿಸಿಕೊಂಡರು.

"ಬೀದಿಯವರ ಮೇಲಿನ ಸಿಟ್ಟನ್ನ ಮಂಡಿ ಮೇಲೆ ಯಾಕೆ ತೀರಿಸ್ಕೊಳ್ತೀರಿ?" ಎಂದರು. "ನಿಮ್ಮ ಮೊಂಡುತನ ಅದಕ್ಕೆ ಅರ್ಥ ಆಗಲ್ಲಮ್ಮ. ಅದಕ್ಕೆ ಅರ್ಥ ಆಗೋದು ದಿನಾ ಮಾಡೋ ಕೆಲಸ ಒಂದೇ."

ಅವಮಾನವಾಯಿತು. ಆದರೆ ಅವರು ಹೇಳಿದ್ದು ಸರಿಯಿತ್ತು. ಅಲ್ಲಿಯವರೆಗೆ ನಾನು ಕಾಲು ಎತ್ತುತ್ತಿದ್ದದ್ದು ನೋಡುವವರಿಗೆ ಉತ್ತರ ಕೊಡುವುದಕ್ಕೆ. ಯಾರಾದರೂ ಹಾದುಹೋದರೆ ಇನ್ನಷ್ಟು ಜೋರಾಗಿ ಎತ್ತುತ್ತಿದ್ದೆ. ಊತ ಇಳಿಯುವವರೆಗೆ ಸುಮ್ಮನೆ ಕೂತು, ಮತ್ತೆ ಮೊದಲಿನಿಂದ ಶುರು ಮಾಡಿದೆ. ಮರಳಿನ ಚೀಲದಲ್ಲಿ ಅರ್ಧ ಮರಳು ತೆಗೆದೆ. ಜಗಲಿ ಬಿಡಲಿಲ್ಲ, ಆದರೆ ಬೀದಿ ನೋಡುವುದನ್ನು ಬಿಟ್ಟೆ. ಮಂಡಿಯನ್ನೇ ನೋಡುತ್ತಾ ಎತ್ತುತ್ತಿದ್ದೆ. ಇದು ನನಗೆ ಎಲ್ಲಕ್ಕಿಂತ ಕಷ್ಟವಾದ ಭಾಗ. ಜಗಳ ಆಡುವಾಗ ಹೊತ್ತು ಬೇಗ ಹೋಗುತ್ತದೆ. ಯಾರೂ ಎದುರಿಗಿಲ್ಲದೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವಾಗ ಹೋಗುವುದಿಲ್ಲ. ಕೆಲವು ದಿನ ಸಾಕಪ್ಪಾ, ಕುಂಟಿಕೊಂಡೇ ಇರುತ್ತೇನೆ, ಪಾಠ ಮಾಡಲು ಮಂಡಿ ಯಾಕೆ ಎನಿಸುತ್ತಿತ್ತು. ಆಗ ಹೆಡ್ ಮಾಸ್ಟರ ನಿಂಬೆಹಣ್ಣು ನೆನಪಾಗಿ ಚೀಲ ಕಟ್ಟಿಕೊಳ್ಳುತ್ತಿದ್ದೆ. ಸಿಟ್ಟನ್ನು ಪೂರ್ತಿ ಬಿಟ್ಟೆನೆಂದು ಹೇಳಿದರೆ ಸುಳ್ಳಾಗುತ್ತದೆ. ಅಡಿಗೆಗೆ ಉಪ್ಪು ಹಾಕುವಷ್ಟು ಇಟ್ಟುಕೊಂಡಿದ್ದೆ.

ಸಂಕ್ರಾಂತಿ ಕಳೆದ ಮೇಲೆ ವಕ್ಕಲೇರಿಯಿಂದ ಅತ್ತೆಯ ತಂಗಿ ಬಂದರು. ಒಡಹುಟ್ಟಿದವರಲ್ಲ, ದೊಡ್ಡಪ್ಪನ ಮಗಳು; ಆದರೂ ಇಬ್ಬರೂ ಬಹಳ ಹತ್ತಿರ. ನಾನು ಜಗಲಿಯಲ್ಲಿ ಕಾಲು ಎತ್ತುತ್ತಿದ್ದೆ, ಅವರಿಬ್ಬರೂ ಬಾಗಿಲ ಒಳಗೆ ಎಲೆಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದರು. ನನಗೆ ಕೇಳುವುದಿಲ್ಲ ಎಂದುಕೊಂಡಿದ್ದರೋ, ಕೇಳಲಿ ಎಂದೇ ಹೇಳಿದರೋ ಗೊತ್ತಿಲ್ಲ. ಆಟ ಆಡಿ ಬಿದ್ದಳಂತೆ ಎಂದು ವಕ್ಕಲೇರಿಯಲ್ಲೂ ನಗುತ್ತಿದ್ದಾರೆ ಎಂದರು ಆ ತಂಗಿ. ಕಾಲು ಸೊಟ್ಟಗೇ ಉಳಿದರೆ ಮುಂದೆ ಯಾರು ನೋಡಿಕೊಳ್ಳುವವರು ಎಂದರು. ಆಮೇಲೆ ದನಿ ತಗ್ಗಿಸಿ, "ನಿನ್ನ ಮಗಂಗೇನಕ್ಕಾ, ಇನ್ನೂ ವಯಸ್ಸದೆ," ಎಂದರು.

ನನ್ನ ಕಾಲು ಎತ್ತಿದ್ದು ಎತ್ತಿದಂತೆಯೇ ನಿಂತಿತು. ಒಳಗೆ ಅತ್ತೆ ಸುಣ್ಣದ ಡಬ್ಬಿ ಮುಚ್ಚಿದ ಸದ್ದಾಯಿತು. ಆಮೇಲೆ ತೆಲುಗಿನಲ್ಲಿ ಶುರು ಮಾಡಿದರು.

"ನೀಕೆಂದುಕಮ್ಮಾ?" ನಿನಗ್ಯಾಕಮ್ಮಾ ಅದು, ಎಂದು. ಮುಂದಿನದನ್ನು ಕನ್ನಡದಲ್ಲೇ ಹೇಳಿದರು, ನನಗೂ ಬೀದಿಗೂ ಕೇಳುವಂತೆ. "ನನ್ನ ಚಿಕ್ಕ ಮಗ ಮೂಳೆ ಮುರ್ಕೊಂಡಾಗ ವಕ್ಕಲೇರಿಯಿಂದ ಕೋಳಿ ಹಿಡ್ಕೊಂಡು ಬಂದೋಳು ನೀನೇ ಅಲ್ವಾ? ಅವನೂ ಆಡ್ತಾನೇ ಬಿದ್ದಿದ್ದು. ಇವಳೂ ಆಡ್ತಾನೇ ಬಿದ್ದಿದ್ದು. ಬಾವೀಲೂ ಬೀಳಲಿಲ್ಲ, ಎಲ್ಲೂ ಬೀಳಲಿಲ್ಲ. ಇವಳಿಗೆ ಬರಿಗೈಲಿ ಯಾಕೆ ಬಂದೆ?"

ಆಕೆ ಏನೋ ಹೇಳಹೋದರು. ಅತ್ತೆ ಬಿಡಲಿಲ್ಲ. ನನ್ನ ಸೊಸೆಯನ್ನು ನಾನು ಬಯ್ಯುತ್ತೇನೆ, ಅದು ನನ್ನ ಮನೆಯ ಮಾತು; ಇನ್ನೊಬ್ಬರು ಬಯ್ಯುವುದಕ್ಕೆ ಅವಳನ್ನು ಬೀದಿಯಲ್ಲಿ ಕೂರಿಸಿಲ್ಲ ಎಂದರು. ಬೀದಿಯಲ್ಲಿ ಕೂರಿಸಿದವರು ತಾವೇ ಎಂಬಂತೆ.

ಆ ಭಾನುವಾರ ಅತ್ತೆ ನಾಟಿಕೋಳಿ ಕೊಯ್ಸಿ ಸಾರು ಮಾಡಿದರು. ಮುದ್ದೆ ಇಟ್ಟು, ಕಾಲಿನ ತುಂಡನ್ನು ಹುಡುಕಿ ನನ್ನ ತಟ್ಟೆಗೆ ಹಾಕಿದರು. ಯಾವಾಗಲೂ ಅದು ನಮ್ಮವರ ತಟ್ಟೆಗೆ ಹೋಗುತ್ತಿತ್ತು. ನಮ್ಮವರು ನನ್ನ ತಟ್ಟೆ ನೋಡಿ, ತಮ್ಮ ತಟ್ಟೆ ನೋಡಿ, ಮುದ್ದೆ ಮುರಿದುಕೊಂಡರು. ನಾನು ಆ ತುಂಡನ್ನು ಪೂರ್ತಿ ತಿಂದೆ. ಅದರ ಬಗ್ಗೆ ಮಾತೆತ್ತಿದರೆ ಅತ್ತೆಗೆ ಕಸಿವಿಸಿಯಾಗುತ್ತಿತ್ತು. ಆದರೆ ಆವತ್ತು ಮಾಡಿದಷ್ಟು ಚೆನ್ನಾಗಿ ನಾನು ಮತ್ಯಾವತ್ತೂ ವ್ಯಾಯಾಮ ಮಾಡಿಲ್ಲ.

ಮಾವು ಹೂ ಬಿಟ್ಟ ಕಾಲಕ್ಕೆ ಕುಂಟದೆ ನಡೆಯುತ್ತಿದ್ದೆ. ಊರ ಹೊರಗಿನ ತೋಪುಗಳ ನಡುವಿನ ಗಾಡಿ ದಾರಿಯಲ್ಲಿ ಬೆಳಿಗ್ಗೆ ನಡೆದು ಬರುವುದನ್ನು ಅಭ್ಯಾಸ ಮಾಡಿಕೊಂಡೆ. ದಾರಿಯ ಮಗ್ಗುಲಿನ ಉತ್ತ ಮಣ್ಣು ಮೆತ್ತಗಿರುತ್ತದೆ, ಬಿದ್ದರೂ ಪೆಟ್ಟಾಗುವುದಿಲ್ಲ. ಆ ಚಿಕ್ಕ ಟೀಚರು ಜೊತೆಗೆ ಬರುತ್ತಿದ್ದಳು. ತನ್ನಿಂದ ಆಯಿತೆಂದು ಅವಳಿಗೆ ಬಹಳ ಸಂಕಟವಿತ್ತು, ಎಷ್ಟು ಹೇಳಿದರೂ ಹೋಗಿರಲಿಲ್ಲ. ಒಂದು ದಿನ, ಬಾ ಓಡೋಣ ಎಂದೆ. ಅವಳು ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡಳು. ಕೈ ಬಿಡಿಸಿಕೊಂಡು ನಾನು ಮುಂದಿನ ಮರದವರೆಗೆ ಓಡಿದೆ. ಅದು ಓಟ ಎನ್ನುವುದಕ್ಕಿಂತ ಬೇಗ ನಡೆದದ್ದು. ಆದರೂ ಎರಡೂ ಕಾಲು ನೆಲ ಬಿಟ್ಟಿದ್ದವು. ಅವಳು ಹಿಂದಿನಿಂದ ಬಂದು ನಗುತ್ತಾ ಅಳುತ್ತಾ, "ಅಕ್ಕಾ, ನೀವು ನನ್ನ ಸಾಯಿಸ್ತೀರಾ ಕಣ್ರೀ," ಎಂದಳು. ಮಾರನೆಯ ದಿನದಿಂದ ಅವಳೂ ಓಡಿದಳು. ಮಾವಿನಕಾಯಿ ಕೀಳುವ ಕಾಲಕ್ಕೆ ಇಡೀ ತೋಪು ಸುತ್ತಿ ಬರುತ್ತಿದ್ದೆವು. ತೋಪು ಕಾಯುವವರು ಮೊದಮೊದಲು ಮಾವಿನಕಾಯಿ ಕದಿಯಲು ಬಂದವರೆಂದು ನಮ್ಮನ್ನು ತಡೆದು ಕೇಳಿದ್ದರು.

ಮುಂದಿನ ವರ್ಷದ ಆಟೋಟಕ್ಕೆ ಹೆಸರು ಕೇಳುವಾಗ ನಾನು ಮತ್ತೆ ಕೈ ಎತ್ತಿದೆ. ಹೆಡ್ ಮಾಸ್ಟರು ನನ್ನನ್ನು ಒಂದು ಕಡೆ ಕರೆದು ನಯವಾಗಿಯೇ ಮಾತಾಡಿದರು. ಮತ್ತೆ ಏನಾದರೂ ಆದರೆ ಜವಾಬ್ದಾರಿ ನಮ್ಮ ಮೇಲೆ ಬರುತ್ತದೆ, ನಿಮಗೆ ಮ್ಯೂಸಿಕಲ್ ಚೇರ್ ನಡೆಸಿಕೊಡುವ ಕೆಲಸ ಕೊಡುತ್ತೇವೆ, ವೇದಿಕೆಯ ಮೇಲೆ ಕೂತು ಹಾರ್ಮೋನಿಯಂ ನಿಲ್ಲಿಸಿದರೆ ಸಾಕು ಎಂದರು.

ವಾಲಿಬಾಲ್ ಆಡುವ ನಮ್ಮ ಗಣಿತದ ಮೇಷ್ಟ್ರಿಗೆ ಹೋದ ವರ್ಷ ಬೆರಳು ಉಳುಕಿತ್ತಲ್ಲ, ಅವರನ್ನೂ ಕೂರಿಸುತ್ತೀರಾ ಎಂದು ಕೇಳಿದೆ. ಅದು ಬೇರೆ ಎಂದರು. ಹೇಗೆ ಬೇರೆ ಎಂದೆ. ಅವರು ಹೆಸರಿನ ಪಟ್ಟಿ ಮಡಿಸತೊಡಗಿದರು.

"ಬಿದ್ರೆ ನಾನು ಬೀಳ್ತೀನಿ ಸಾರ್," ಎಂದೆ. "ಎದ್ದೇಳೋದು ನಂಗೆ ಗೊತ್ತು ಈಗ."

ಡ್ರಿಲ್ ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು. ಅವರು ನನ್ನನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ ಓಡಿಸಿದರು, ತಟ್ಟನೆ ನಿಲ್ಲಿಸಿದರು, ಎಡಕ್ಕೆ ಬಲಕ್ಕೆ ತಿರುಗಿಸಿದರು, ಒಂದೇ ಕಾಲಿನ ಮೇಲೆ ಕುಪ್ಪಳಿಸಲು ಹೇಳಿದರು. ಎಡಗಾಲಿನ ಮೇಲೂ ಕುಪ್ಪಳಿಸಿದೆ. ಮಂಡಿ ನಿಂತಿತು. ಇವರು ಆಡುತ್ತಾರೆ ಎಂದು ಅವರು ಒಂದೇ ಮಾತಿನಲ್ಲಿ ಮುಗಿಸಿದರು.

ತಾಲ್ಲೂಕಿನ ಆಟದಲ್ಲಿ ನಮ್ಮನ್ನು ಎದುರಿಸುವವರೇ ಹೆಚ್ಚು ಇರಲಿಲ್ಲ. ಜಿಲ್ಲೆಯ ಆಟಕ್ಕೆ ಕೋಲಾರಕ್ಕೆ ಹೋದೆವು. ಅಲ್ಲಿ ನಮಗೆ ಎದುರಾದದ್ದು ಮಾಲೂರಿನ ಟೀಚರುಗಳು. ಅವರಲ್ಲಿ ಒಬ್ಬಾಕೆ ನನ್ನ ವಯಸ್ಸಿನವರು, ಎತ್ತರದ ಆಳು, ತೋಳಿನಲ್ಲಿ ಒಳ್ಳೆಯ ಬಲ. ಆಟ ಶುರುವಾದ ಸ್ವಲ್ಪ ಹೊತ್ತಿಗೆ ನನಗೊಂದು ವಿಷಯ ಗೊತ್ತಾಯಿತು. ಆಕೆ ಎಸೆಯುವ ಬಾಲೆಲ್ಲ ನನ್ನ ಎಡಗಡೆಗೇ ಬರುತ್ತಿತ್ತು. ಎಡಕ್ಕೆ, ಸ್ವಲ್ಪ ತಗ್ಗಿನಲ್ಲಿ, ನಾನು ಎಡಗಾಲಿನ ಮೇಲೆ ಭಾರ ಬಿಟ್ಟು ಬಾಗಲೇಬೇಕಾದ ಜಾಗಕ್ಕೆ. ಯಾರೋ ನನ್ನ ಮಂಡಿಯ ವಿಷಯ ಹೇಳಿದ್ದರು.

ಮೊದಲ ಬಾಲಿಗೆ ನಾನು ಹೋಗಲೇ ಇಲ್ಲ. ಕಾಲು ನೆಲಕ್ಕೆ ಅಂಟಿಕೊಂಡಿತು. ಎರಡನೆಯದು ಕೈಗೆ ತಾಗಿ ಜಾರಿತು. ನಮ್ಮ ಚಿಕ್ಕ ಟೀಚರು, ಅಕ್ಕಾ ಜಾಗ ಬದಲಾಯಿಸಿಕೊಳ್ಳೋಣವಾ ಎಂದು ಕೇಳಿದಳು. ಬೇಡ ಎಂದೆ. ನನಗೆ ಸಿಟ್ಟು ಬರಬೇಕಾಗಿತ್ತು. ಬದಲಿಗೆ ಎಂದೂ ಆಗದಷ್ಟು ಸಂತೋಷವಾಯಿತು. ಒಂದು ವರ್ಷದಿಂದ ಎಲ್ಲರೂ ನನ್ನನ್ನು ಪಾಪ ಎನ್ನುತ್ತಿದ್ದರು, ಇಲ್ಲವೇ ನಗುತ್ತಿದ್ದರು. ಈಕೆ ಒಬ್ಬರು ಮಾತ್ರ ನನ್ನನ್ನು ಸೋಲಿಸಲು ನೋಡುತ್ತಿದ್ದರು.

ಮುಂದಿನ ಬಾಲು ಬಂದಾಗ ಎಡಗಾಲು ಊರಿ ಬಾಗಿ ಹಿಡಿದೆ. ಮಂಡಿ ತನ್ನ ಕೆಲಸ ಮಾಡಿತು. ಆಕೆ ಮತ್ತೆ ಅಲ್ಲಿಗೇ ಎಸೆದರು, ಮತ್ತೆ ಹಿಡಿದೆ. ಹೀಗೆ ನಮ್ಮಿಬ್ಬರ ನಡುವೆಯೇ ಬೇರೊಂದು ಆಟ ನಡೆಯಿತು. ಕೆಲವನ್ನು ಬಿಟ್ಟೆ, ಹೆಚ್ಚಿನವನ್ನು ಹಿಡಿದೆ. ಕೊನೆಗೆ ಮಾಲೂರಿನವರೇ ಗೆದ್ದರು. ಅವರು ನಮಗಿಂತ ಚೆನ್ನಾಗಿ ಆಡಿದರು, ಅದರಲ್ಲಿ ಎರಡು ಮಾತಿಲ್ಲ.

ಆಟ ಮುಗಿದ ಮೇಲೆ ಆಕೆ ಬಲೆಯ ಕೆಳಗಿಂದ ಬಗ್ಗಿ ನನ್ನ ಹತ್ತಿರ ಬಂದರು. ಬೆವರು ಒರೆಸಿಕೊಳ್ಳುತ್ತಾ, "ನಿಮ್ಮ ಎಡಗಾಲು ವೀಕು ಅಂತ ಹೇಳಿದ್ರು ಕಣ್ರೀ, ಅದನ್ನ ನಂಬಿ ಕೆಟ್ಟೆ," ಎಂದರು.

ಪೂರ್ತಿ ಸುಳ್ಳೇನಲ್ಲ ಎಂದೆ. ಇಬ್ಬರೂ ನಕ್ಕೆವು. ಎರಡೂ ತಂಡದವರು ಸೇರಿ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದೆವು. ಅಷ್ಟು ಹೆಂಗಸರು ಒಟ್ಟಿಗೆ ನುಗ್ಗಿದ್ದನ್ನು ನೋಡಿ ಮಾಲಿಕರು ಫ್ಯಾಮಿಲಿ ರೂಮು ಒಳಗಿದೆ ಎಂದರು. ಆ ಮಾಲೂರಿನಾಕೆ ಇಲ್ಲೇ ಗಾಳಿ ಚೆನ್ನಾಗಿದೆ ಎಂದು ಮುಂದಿನ ಮೇಜಿಗೇ ಕೂತರು. ನಾವೂ ಅವರ ಜೊತೆಗೆ ಕೂತೆವು.

ಆಮೇಲೆ ಎಂಬತ್ತರ ದಶಕದ ನಡುವಿನವರೆಗೂ ಆಡಿದೆ. ಚಳಿಗಾಲದಲ್ಲಿ ಮಂಡಿ ಹಿಡಿದುಕೊಳ್ಳುತ್ತಿತ್ತು, ಈಗಲೂ ಹಿಡಿದುಕೊಳ್ಳುತ್ತದೆ. ಮಾಲೂರಿನ ಆಕೆಯನ್ನು ಪ್ರತಿವರ್ಷ ಎದುರಿಸುತ್ತಿದ್ದೆ. ಒಂದೆರಡು ಸಲ ನಾವು ಗೆದ್ದೆವು, ಉಳಿದದ್ದೆಲ್ಲ ಅವರೇ. ಕೊನೆಯವರೆಗೂ ಆಕೆ ನನ್ನ ಎಡಗಡೆಗೆ ಎಸೆಯುವುದನ್ನು ಬಿಡಲಿಲ್ಲ.